ಇಂಗ್ಲಿಷಿನ ಅಪರಾಧ ಪರಿಭಾಷೆ ಮತ್ತು ಕನ್ನಡದ ನ್ಯಾಯಭಾಷೆ

ನ್ಯಾಯಾಲಯಗಳ ಭಾಷೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಸೀಮಿತವಾಗಿದೆ: ತೀರ್ಪನ್ನು ಯಾವ ಭಾಷೆಯಲ್ಲಿ ಬರೆಯಬೇಕು? 1963ರಲ್ಲಿ ರಾಜ್ಯಭಾಷಾ ಅಧಿನಿಯಮ ಅಂಗೀಕೃತವಾದಂದಿನಿಂದ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಸಂವಿಧಾನದ 348ನೆಯ ಅನುಚ್ಛೇದವು ಉಚ್ಚ ನ್ಯಾಯಾಲಯದ ಕಲಾಪಕ್ಕೆ ಇಂಗ್ಲಿಷನ್ನು ವಿಧಿಸಿರುವುದರಿಂದ, ಕನ್ನಡದ ಹಕ್ಕೊತ್ತಾಯ ಅಧೀನ ನ್ಯಾಯಾಲಯಗಳ ಮಟ್ಟದಲ್ಲಿಯೇ ಹೆಚ್ಚಾಗಿ ಕೇಳಿಬಂದಿದೆ. ಈ ಚರ್ಚೆ ಅಗತ್ಯವಾದುದೇ ಸರಿ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಹಿಂದೆಯೇ ಉಳಿದಿದೆ. ಇಂಗ್ಲಿಷಿನ ಅಪರಾಧ ಪರಿಭಾಷೆ ಕನ್ನಡಕ್ಕೆ ಬಂದಾಗ ಪದ ಮಾತ್ರ ಬಂದಿತೇ, ಅಥವಾ ಆ ಪದದೊಳಗೆ ಅಡಗಿರುವ ಸೂಕ್ಷ್ಮ ವ್ಯತ್ಯಾಸವೂ ಅದರೊಡನೆ ಬಂದಿತೇ? ಒಬ್ಬ ವ್ಯಕ್ತಿಯ ಸೆರೆವಾಸ ಒಂದು ವರ್ಷವೋ ಏಳು ವರ್ಷವೋ ಎಂಬುದು ಹಲವು ಸಲ ಇಂಥ ವ್ಯತ್ಯಾಸವನ್ನೇ ಅವಲಂಬಿಸಿರುವುದರಿಂದ ಇದನ್ನು ಕೇವಲ ನಿಘಂಟುಕಾರರ ಕುತೂಹಲವೆಂದು ಬದಿಗಿಡಲಾಗದು. ಇಂಗ್ಲಿಷಿನ ಅಪರಾಧ ಪರಿಭಾಷೆಯ ರಚನೆಯನ್ನೂ ಅದಕ್ಕೆ ಕನ್ನಡ ಸ್ಪಂದಿಸಿದ ಬಗೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಇಂಗ್ಲಿಷ್ ಪರಿಭಾಷೆಯ ಪದರುಗಳು

ಇಂಗ್ಲಿಷಿನ ಕಾನೂನು ಭಾಷೆಯನ್ನು ಇಂಗ್ಲಿಷರ ಸ್ವಂತ ಸೊತ್ತೆಂದು ಭಾವಿಸುವುದು ರೂಢಿ. ವಸ್ತುಸ್ಥಿತಿ ಬೇರೆ. ‘ಥೀಫ್’, ‘ಥೆಫ್ಟ್’, ‘ಸ್ಟೀಲ್’, ‘ಗಿಲ್ಟ್’, ‘ಓತ್’, ‘ಮರ್ಡರ್’ ಮುಂತಾದವು ಹಳೆಯ ಇಂಗ್ಲಿಷಿನ ಪದಗಳು. ‘ಲಾ’ ಎಂಬ ಮೂಲಭೂತ ಪದವೇ ಸ್ಕ್ಯಾಂಡಿನೇವಿಯದಿಂದ ಬಂದ ದಾಳಿಕಾರರ ನುಡಿಯಿಂದ ಸೇರಿದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ನ್ಯಾಯಸ್ಥಾನದ ಪದಸಂಪತ್ತು ಬಹುಪಾಲು ಫ್ರೆಂಚ್‌ಮಯವಾಯಿತು. ‘ಕ್ರೈಮ್’, ‘ಕೋರ್ಟ್’, ‘ಜಡ್ಜ್’, ‘ಜ್ಯೂರಿ’, ‘ಅರೆಸ್ಟ್’, ‘ಪ್ರಿಜನ್’, ‘ಬೇಲ್’, ‘ಫೆಲನಿ’, ‘ಅಟಾರ್ನಿ’ ಇವೆಲ್ಲವೂ ಆ ದಾರಿಯಲ್ಲಿ ಬಂದವು. ‘ವರ್ಡಿಕ್ಟ್’ ಎಂದರೆ ‘ಸತ್ಯವಾಗಿ ನುಡಿದುದು’. ‘ಪೆರೋಲ್’ ಎಂದರೆ ‘ಕೊಟ್ಟ ಮಾತು’. ಇವುಗಳ ಮೇಲೆ ಲಿಖಿತ ದಾಖಲೆಯ ಭಾಷೆಯಾಗಿದ್ದ ಲ್ಯಾಟಿನ್ ಮತ್ತೊಂದು ಪದರನ್ನು ಹಾಸಿತು. ‘ಆಲಿಬೈ’ ಎಂದರೆ ‘ಬೇರೆಡೆ’, ‘ಅಫಿಡವಿಟ್’ ಎಂದರೆ ‘ಆತ ಪ್ರಮಾಣ ಮಾಡಿದ್ದಾನೆ’, ‘ಸಬ್‌ಪೀನಾ’ ಎಂದರೆ ‘ದಂಡನೆಗೊಳಪಟ್ಟು’ ಎಂದಷ್ಟೇ ಅರ್ಥ.

ಕಳ್ಳನ ಹೆಸರು ಜನರ ನುಡಿಯಲ್ಲಿ, ಅವನನ್ನು ಹಿಡಿದು ವಿಚಾರಿಸುವವರ ಹೆಸರು ಆಳುವವರ ನುಡಿಯಲ್ಲಿ ಉಳಿದದ್ದು ಗಮನಾರ್ಹ. ಈ ಅಂತರ ಸಾಮಾನ್ಯ ಇಂಗ್ಲಿಷ್ ಪ್ರಜೆಗೂ ತೊಡಕಾಗಿತ್ತು. ಜನಕ್ಕೆ ಅರ್ಥವಾಗದ ಫ್ರೆಂಚಿನಲ್ಲಿ ವಾದ ನಡೆಯುತ್ತಿರುವುದರಿಂದ ಅನ್ಯಾಯವಾಗುತ್ತಿದೆಯೆಂಬ ಕಾರಣ ನೀಡಿ 1362ರಲ್ಲಿ ಅಲ್ಲಿನ ಸಂಸತ್ತು ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನ ಮಾಡಿತು. ದಾಖಲೆ ಮಾತ್ರ ಲ್ಯಾಟಿನ್‌ನಲ್ಲಿಯೇ ಮುಂದುವರಿಯಿತು. ನ್ಯಾಯಾಲಯದ ದಾಖಲೆಗಳಿಂದ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳನ್ನು ತೆಗೆದುಹಾಕುವ ಶಾಸನ 1730ರಲ್ಲಿ ರಚಿತವಾಗಿ 1733ರಲ್ಲಿ ಜಾರಿಗೆ ಬಂದಿತು. ಎಂದರೆ, ತಮ್ಮ ನ್ಯಾಯಾಲಯದಲ್ಲಿ ತಮ್ಮ ಭಾಷೆ ಪೂರ್ಣವಾಗಿ ನೆಲೆಗೊಳ್ಳಲು ಇಂಗ್ಲಿಷರಿಗೇ ಸುಮಾರು ನಾಲ್ಕು ಶತಮಾನ ಹಿಡಿಯಿತು. ಕನ್ನಡದ ನಿಧಾನಗತಿಯನ್ನು ಕಂಡು ಹತಾಶರಾಗುವವರೂ, ಕನ್ನಡದಿಂದ ಇದು ಆಗದೆನ್ನುವವರೂ ಈ ಚರಿತ್ರೆಯನ್ನು ನೆನಪಿನಲ್ಲಿಡಬೇಕು.

ಈ ಪದರುಗಳ ಇನ್ನೊಂದು ಫಲ ಇಂಗ್ಲಿಷಿನ ಜೋಡುಪದಗಳು. ‘ಬ್ರೇಕಿಂಗ್ ಅಂಡ್ ಎಂಟರಿಂಗ್’, ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟಲ್ಸ್’ ಎಂಬಲ್ಲಿ ಒಂದು ದೇಸಿ ಪದದ ಪಕ್ಕದಲ್ಲಿ ಅದೇ ಅರ್ಥದ ಅಥವಾ ಅದಕ್ಕೆ ಹತ್ತಿರದ ಫ್ರೆಂಚ್ ಇಲ್ಲವೆ ಲ್ಯಾಟಿನ್ ಮೂಲದ ಪದ ನಿಂತಿದೆ. ಎರಡು ನುಡಿಗಳ ಜನರಿಗೂ ಸಂದೇಹ ಉಳಿಯದಿರಲೆಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಒಂದು ಕಾರಣ. ಕನ್ನಡದಲ್ಲಿಯೂ ಇದಕ್ಕೆ ಸಮಾನವಾದ ಬೆಳವಣಿಗೆಯಿರುವುದನ್ನು ಮುಂದೆ ನೋಡಬಹುದು.

2. ಮೆಕಾಲೆಯ ಸಂಹಿತೆ: ಇಂಗ್ಲಿಷಿನೊಳಗಿನ ಒಂದು ಅನುವಾದ

ಭಾರತಕ್ಕೆ ಬಂದುದು ಇಂಗ್ಲೆಂಡಿನ ಈ ಪರಿಭಾಷೆ ಯಥಾವತ್ತಾಗಿ ಅಲ್ಲ. ಮೆಕಾಲೆಯ ನೇತೃತ್ವದ ಮೊದಲ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡು ದೀರ್ಘ ಪರಿಷ್ಕರಣೆಯ ನಂತರ 1860ರಲ್ಲಿ ಭಾರತ ದಂಡ ಸಂಹಿತೆಯಾಗಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಇಂಗ್ಲೆಂಡಿನ ವಕೀಲರು ಪವಿತ್ರವೆಂಬಂತೆ ಕಾಪಾಡಿಕೊಂಡಿದ್ದ ಅನೇಕ ಪದಗಳನ್ನು ಈ ಸಂಹಿತೆ ಬೇಕೆಂದೇ ಕೈಬಿಟ್ಟಿತು. ಅಪರಾಧಗಳನ್ನು ‘ಫೆಲನಿ’, ‘ಮಿಸ್‌ಡಿಮೀನರ್’ ಎಂದು ವಿಂಗಡಿಸುವ ಪದ್ಧತಿಯನ್ನು ಅದು ಅನುಸರಿಸಲಿಲ್ಲ. ‘ಲಾರ್ಸನಿ’ಯ ಸ್ಥಾನಕ್ಕೆ ‘ಥೆಫ್ಟ್’ ಬಂದಿತು. ‘ಬರ್ಗ್ಲರಿ’ ಎನ್ನದೆ ರಾತ್ರಿವೇಳೆ ಮನೆಮುರಿದು ಒಳನುಗ್ಗುವುದು ಎಂದು ಬಿಡಿಸಿ ಹೇಳಿತು. ‘ಆರ್ಸನ್’ ಎನ್ನದೆ ಬೆಂಕಿಯಿಂದ ಮಾಡುವ ಹಾನಿ ಎಂದಿತು. ‘ಮ್ಯಾನ್‌ಸ್ಲಾಟರ್’ ಎಂಬುದನ್ನು ಬಿಟ್ಟು ದಂಡನೀಯ ನರಹತ್ಯೆ ಎಂಬ ಹೊಸ ಕಲ್ಪನೆಯನ್ನು ಕಟ್ಟಿತು. ‘ಮೆನ್ಸ್ ರಿಯಾ’ ಎಂಬ ಲ್ಯಾಟಿನ್ ಸೂತ್ರವನ್ನು ಬಳಸದೆ ಉದ್ದೇಶ, ತಿಳಿವಳಿಕೆ, ನಂಬಲು ಕಾರಣ, ಅಪ್ರಾಮಾಣಿಕತೆ ಮುಂತಾದ ಪ್ರತ್ಯೇಕ ಮನೋಸ್ಥಿತಿಗಳನ್ನು ಪ್ರತ್ಯೇಕವಾಗಿಯೇ ಹೆಸರಿಸಿತು. ಅನೇಕ ವ್ಯಾಖ್ಯೆಗಳ ಕೆಳಗೆ ‘ಎ’, ‘ಬಿ’, ‘ಝಡ್’ ಎಂಬ ಕಲ್ಪಿತ ವ್ಯಕ್ತಿಗಳ ದೃಷ್ಟಾಂತಗಳನ್ನು ಜೋಡಿಸಿತು. ಇಂಗ್ಲೆಂಡಿನಲ್ಲಿ ‘ಫೆಲನಿ’ಯ ವಿಂಗಡಣೆ ರದ್ದಾದದ್ದು 1967ರಲ್ಲಿ, ‘ಲಾರ್ಸನಿ’ ಹೋಗಿ ‘ಥೆಫ್ಟ್’ ಬಂದದ್ದು 1968ರಲ್ಲಿ. ಈ ವಿಷಯದಲ್ಲಿ ವಸಾಹತಿನ ಸಂಹಿತೆ ಒಡೆಯನ ದೇಶಕ್ಕಿಂತ ಒಂದು ಶತಮಾನ ಮುಂದಿತ್ತು.

ಮೆಕಾಲೆಯ ಶಿಕ್ಷಣನೀತಿಯ ಬಗ್ಗೆ ಇರುವ ನ್ಯಾಯವಾದ ಆಕ್ಷೇಪಗಳಿಂದಾಗಿ ಈ ಭಾಷಿಕ ಸಾಧನೆಯತ್ತ ಸಾಕಷ್ಟು ಗಮನ ಹರಿದಿಲ್ಲ. ಪಾರಿಭಾಷಿಕ ಪದವೊಂದನ್ನು ಒಡೆದು ಅದರ ಅಂಗಾಂಗಗಳನ್ನು ಬಳಕೆಯ ಮಾತಿನಲ್ಲಿ ಹೇಳುವುದು ಸಂಹಿತೆಯ ಕ್ರಮವಾಗಿತ್ತು. ಕನ್ನಡಕ್ಕೆ ಅನುವಾದಿಸಿದವರು ಆ ಕ್ರಮವನ್ನು ಸ್ವೀಕರಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಬದಲಾಗಿ, ಒಂದು ಇಂಗ್ಲಿಷ್ ಪದಕ್ಕೆ ಒಂದು ಸಂಸ್ಕೃತ ಪದವನ್ನು ಸರಿದೂಗಿಸುವ ಕ್ರಮವೇ ಪ್ರಧಾನವಾಯಿತು.

ಪದಗಳ ಪ್ರಯಾಣ ಒಮ್ಮುಖವಾಗಿಯೂ ಇರಲಿಲ್ಲ. ಹಿಂದೂಸ್ತಾನಿಯ ‘ಡಕಾಯಿತಿ’ ಸಂಹಿತೆಯ 391ನೆಯ ಕಲಮಿನಲ್ಲಿ ಇಂಗ್ಲಿಷ್ ಪಾರಿಭಾಷಿಕವಾಗಿ ಸ್ಥಾನ ಪಡೆಯಿತು. 310ನೆಯ ಕಲಮು ‘ಠಗ್’ ಎಂದರೆ ಯಾರೆಂದು ವ್ಯಾಖ್ಯಾನಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಠಗ್’ ಕೈಬಿಟ್ಟುಹೋಗಿದೆ. ಅದೇ 310ನೆಯ ಸಂಖ್ಯೆ ಈಗ ಡಕಾಯಿತಿಯ ಪಾಲಿಗೆ ಬಂದಿದೆ.

3. ಕನ್ನಡದ ನ್ಯಾಯಭಾಷೆಯ ಪದರುಗಳು

ಕನ್ನಡ ನಾಡಿಗೆ ನ್ಯಾಯಚಿಂತನೆ ಇಂಗ್ಲಿಷರಿಂದ ಬಂದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ದಾಯಭಾಗದ ವಿಷಯದಲ್ಲಿ ದೇಶದ ಬಹುಭಾಗಕ್ಕೆ ಪ್ರಮಾಣವಾಯಿತು. ಆ ಪರಂಪರೆಯಲ್ಲಿ ಮರೆಯಿಂದ ಮಾಡುವ ಕಳವು ‘ಸ್ತೇಯ’. ಬಲಪ್ರಯೋಗದಿಂದ ಬಹಿರಂಗವಾಗಿ ಮಾಡುವ ಅಪಹರಣ ‘ಸಾಹಸ’. ಇಂದು ಕನ್ನಡದಲ್ಲಿ ‘ಸಾಹಸ’ ಹೊಗಳಿಕೆಯ ಮಾತಾಗಿದೆ. ಹಳೆಯ ಗ್ರಂಥದಿಂದ ಪದವನ್ನು ಎತ್ತಿ ತಂದ ಮಾತ್ರಕ್ಕೆ ಅರ್ಥ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಸಂಸ್ಕೃತದ ಈ ಪದರಿನ ಕೆಳಗೆ ಅಚ್ಚಗನ್ನಡದ ‘ಕಳವು’, ‘ಕೊಲೆ’, ‘ಸುಲಿಗೆ’, ‘ಸೆರೆ’, ‘ಆಣೆ’, ‘ತೀರ್ಪು’ ಇವೆ. ಮೇಲೆ ಬಿಜಾಪುರದ ಆದಿಲ್‌ಶಾಹಿ, ಮೊಗಲರು, ಹೈದರ್ ಮತ್ತು ಟಿಪ್ಪು, ನಿಜಾಮ ಮುಂತಾದವರ ಆಡಳಿತಗಳ ಮೂಲಕ ಬಂದ ಅರಬಿ, ಪಾರಸಿ ಪದಗಳ ದಟ್ಟ ಪದರವಿದೆ. ವಕೀಲ, ಫಿರ್ಯಾದು, ದಾವೆ, ಅರ್ಜಿ, ಜಾಮೀನು, ಜಪ್ತಿ, ಮಹಜರು, ಪಂಚನಾಮೆ, ಹಾಜರು, ರುಜುವಾತು, ಸಾಬೀತು, ಸಜೆ, ಗುನ್ನೆ, ಖೈದಿ ಇವು ಇಂದು ಯಾರಿಗೂ ಪರಕೀಯವೆನಿಸುವುದಿಲ್ಲ. ‘ದಸ್ತಗಿರಿ’ಯ ಪಾರಸಿ ಅರ್ಥ ‘ಕೈಹಿಡಿಯುವುದು’. ಕನ್ನಡದ ‘ಕೈಸೆರೆ’ಯಲ್ಲಿಯೂ ಅದೇ ಕೈ ಇದೆ. ‘ಮುಚ್ಚಳಿಕೆ’ಗೂ ‘ಮುಚ್ಚಳ’ಕ್ಕೂ ಮೂಲದಲ್ಲಿ ಸಂಬಂಧವಿಲ್ಲ, ತುರ್ಕಿಯಿಂದ ಪಾರಸಿಯ ಮೂಲಕ ಬಂದ ಪದವನ್ನು ಕನ್ನಡದ ಕಿವಿ ತನ್ನದಾಗಿಸಿಕೊಂಡಿದೆ. ‘ಕಾನೂನು’ ಗ್ರೀಕ್ ಮೂಲದಿಂದ ಅರಬಿಯ ದಾರಿಯಲ್ಲಿ ಬಂದುದು; ಇಂಗ್ಲಿಷಿನ ‘ಕ್ಯಾನನ್’ ಅದರ ದಾಯಾದಿ.

ಇಂಗ್ಲಿಷಿನ ಜೋಡುಪದಗಳಿಗೆ ಸರಿಸಮವಾದ ರಚನೆಗಳು ಈ ಬೆರಕೆಯಿಂದ ಕನ್ನಡದಲ್ಲಿಯೂ ಹುಟ್ಟಿವೆ. ‘ಕೋರ್ಟು ಕಚೇರಿ’, ‘ಸಾಕ್ಷಿ ಪುರಾವೆ’, ‘ಕಾನೂನು ಕಟ್ಟಳೆ’, ‘ಕಾಯಿದೆ ಕಾನೂನು’, ‘ತಂಟೆ ತಕರಾರು’ ಎಂಬಲ್ಲೆಲ್ಲ ಬೇರೆ ಬೇರೆ ಮೂಲದ ಪದಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯಲ್ಲಿ ಇಂಗ್ಲಿಷ್ ಪದ ಯಾವ ಮುಜುಗರವೂ ಇಲ್ಲದೆ ಕುಳಿತಿದೆ. ಆದ್ದರಿಂದ ನ್ಯಾಯಭಾಷೆಯ ವಿಮರ್ಶೆಗೆ ಪದದ ಕುಲವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ನಿಷ್ಫಲ. ಎರಡು ಪರೀಕ್ಷೆಗಳು ಸಾಕು: ಕಾನೂನು ಮಾಡುವ ವ್ಯತ್ಯಾಸವನ್ನು ಪದ ಉಳಿಸುತ್ತದೆಯೇ? ಕಟಕಟೆಯಲ್ಲಿ ನಿಂತವನಿಗೆ ಅದು ತಿಳಿಯುತ್ತದೆಯೇ?

4. ಅಳಿಸಿಹೋದ ವ್ಯತ್ಯಾಸಗಳು

ಈ ಎರಡು ಪರೀಕ್ಷೆಗಳಿಗೆ ಕೆಲವು ಪದಗಳನ್ನು ಒಡ್ಡಿ ನೋಡಬಹುದು.

ಹಳೆಯ ದಂಡ ಸಂಹಿತೆಯ 319ನೆಯ ಕಲಮಿನ ‘ಹರ್ಟ್’ ಎಂಬ ಪದಕ್ಕೆ ಕನ್ನಡದ ಪೊಲೀಸ್ ಮತ್ತು ನ್ಯಾಯಾಲಯದ ಬರವಣಿಗೆಯಲ್ಲಿ ‘ಗಾಯ’ ಎಂಬುದು ರೂಢವಾಗಿದೆ. ಸಂಹಿತೆಯ ಪ್ರಕಾರ ಶರೀರಕ್ಕೆ ನೋವು, ರೋಗ ಅಥವಾ ಅಶಕ್ತತೆ ಉಂಟುಮಾಡಿದರೆ ಅದು ‘ಹರ್ಟ್’. ಕೆನ್ನೆಗೆ ಬಾರಿಸಿದರೆ ಗಾಯವಾಗದಿರಬಹುದು. ಅಪರಾಧ ಮಾತ್ರ ಆಗಿರುತ್ತದೆ. ‘ಗಾಯವೇ ಇಲ್ಲವಲ್ಲ, ಕೇಸು ಹೇಗೆ?’ ಎಂಬ ಪ್ರಶ್ನೆಗೆ ದಾರಿಮಾಡಿಕೊಟ್ಟಿರುವುದು ಕಾನೂನಲ್ಲ, ಅನುವಾದ. ‘ನೋವು’ ಎಂಬ ಎರಡಕ್ಷರದ ಪದ ಈ ಸ್ಥಳದಲ್ಲಿ ಹೆಚ್ಚು ನಿಷ್ಠವಾಗಿರುತ್ತಿತ್ತು. ಇನ್ನು ‘ಗ್ರೀವಸ್ ಹರ್ಟ್’ ಎಂಬುದಕ್ಕೆ ‘ಘೋರ ಗಾಯ’, ‘ಭಾರೀ ಗಾಯ’, ‘ತೀವ್ರ ಗಾಯ’ ಎಂಬ ಬಳಕೆಗಳಿವೆ. ಗಾಯ ಎಷ್ಟು ಭೀಕರವಾಗಿ ಕಾಣುತ್ತದೆಂಬುದು ಇಲ್ಲಿ ಮುಖ್ಯವಲ್ಲ. ಸಂಹಿತೆ ಎಂಟು ಬಗೆಗಳನ್ನು ಎಣಿಸಿ ಹೇಳಿದೆ. ಅವುಗಳಲ್ಲಿ ಹಲ್ಲು ಮುರಿಯುವುದೂ ಒಂದು. ಎಂಟನೆಯ ಬಗೆಯಲ್ಲಿ ತೀವ್ರ ಶಾರೀರಿಕ ನೋವು ಅಥವಾ ದೈನಂದಿನ ಕೆಲಸ ಮಾಡಲಾಗದ ಸ್ಥಿತಿ 20 ದಿನ ಇರಬೇಕೆಂದಿದ್ದುದು ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಲ್ಲಿ 15 ದಿನಗಳಿಗೆ ಇಳಿದಿದೆ. ಹಳೆಯ ಸಂಹಿತೆಯಲ್ಲಿ ಮೊದಲನೆಯದಕ್ಕೆ ಗರಿಷ್ಠ 1 ವರ್ಷ, ಎರಡನೆಯದಕ್ಕೆ ಗರಿಷ್ಠ 7 ವರ್ಷ ಸಜೆ. ಆರು ವರ್ಷಗಳ ಅಂತರವನ್ನು ‘ಘೋರ’ ಎಂಬ ಭಾವನಾತ್ಮಕ ವಿಶೇಷಣದ ಮೇಲೆ ಹೊರಿಸುವುದು ಸರಿಯೆನಿಸದು.

‘ಅಬೆಟ್‌ಮೆಂಟ್’ ಎಂಬುದಕ್ಕೆ ‘ಪ್ರಚೋದನೆ’, ‘ದುಷ್ಪ್ರೇರಣೆ’ ಎಂಬ ಪದಗಳಿವೆ. ನಾಯಿಯನ್ನು ಛೂ ಬಿಡುವ ಹಳೆಯ ಫ್ರೆಂಚ್ ಪದದಿಂದ ಇಂಗ್ಲಿಷ್ ಪದ ಬಂದಿದೆ. ಆ ದೃಷ್ಟಿಯಿಂದ ಕನ್ನಡ ಪದಗಳು ಹೊಂದುತ್ತವೆ. ಆದರೆ ಸಂಹಿತೆಯ 107ನೆಯ ಕಲಮು ಅದಕ್ಕೆ ಮೂರು ರೂಪಗಳನ್ನು ಕೊಟ್ಟಿತ್ತು: ಪ್ರಚೋದಿಸುವುದು, ಒಳಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು. ಬಾಯಿಬಿಟ್ಟು ಒಂದು ಮಾತನ್ನೂ ಆಡದೆ ಕಳ್ಳನಿಗೆ ಏಣಿ ಹಿಡಿದವನೂ ಇದರ ವ್ಯಾಪ್ತಿಗೆ ಬರುತ್ತಾನೆ. ‘ನೀನು ಪ್ರಚೋದನೆ ಮಾಡಿದೆಯಾ?’ ಎಂದು ಕೇಳಿದರೆ ‘ಇಲ್ಲ’ ಎಂದು ಆತ ಪ್ರಾಮಾಣಿಕವಾಗಿಯೇ ಉತ್ತರಿಸಬಹುದು. ಪದ ಅಪರಾಧದ ಮೂರನೆಯ ಒಂದು ಭಾಗವನ್ನಷ್ಟೇ ಹೇಳುತ್ತಿದೆ.

34ನೆಯ ಕಲಮಿನ ‘ಕಾಮನ್ ಇಂಟೆನ್ಷನ್’, 149ನೆಯ ಕಲಮಿನ ‘ಕಾಮನ್ ಆಬ್ಜೆಕ್ಟ್’ ಇವೆರಡಕ್ಕೂ ‘ಸಮಾನ ಉದ್ದೇಶ’, ‘ಸಾಮಾನ್ಯ ಉದ್ದೇಶ’ ಎಂಬ ಪದಗಳು ಅದಲುಬದಲಾಗಿ ಓಡಾಡುತ್ತವೆ. ಮೊದಲನೆಯದರಲ್ಲಿ ಸೇರಿದವರ ಮನಸ್ಸುಗಳು ಮೊದಲೇ ಒಂದಾಗಿರಬೇಕು. ಎರಡನೆಯದರಲ್ಲಿ ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟದ ಗುರಿ ಒಂದಾಗಿದ್ದು, ಅದರ ಸದಸ್ಯನಾಗಿದ್ದುದೇ ಹೊಣೆಗೆ ಆಧಾರ. ಹಳ್ಳಿಯ ಗುಂಪು ಘರ್ಷಣೆಗಳಲ್ಲಿ, ಅಂಚಿನಲ್ಲಿ ನಿಂತಿದ್ದವನ ಭವಿಷ್ಯ ಈ ವ್ಯತ್ಯಾಸದಲ್ಲಿಯೇ ಅಡಗಿರುತ್ತದೆ. ಜನ ಬಳಸುವ ‘ಇರಾದೆ’ ಎಂಬ ಪದವನ್ನು ಮೊದಲನೆಯದಕ್ಕೂ ‘ಗುರಿ’ ಎಂಬುದನ್ನು ಎರಡನೆಯದಕ್ಕೂ ನಿಗದಿಪಡಿಸಿದ್ದರೆ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ. ಇದೇ ರೀತಿ ‘ಸುಲಿಗೆ’ ಎಂಬುದು ಬೆದರಿಸಿ ಕೀಳುವುದಕ್ಕೂ ಹೊಡೆದು ಕಸಿಯುವುದಕ್ಕೂ ಬಳಕೆಯಾಗುತ್ತಿದೆ. ‘ದರೋಡೆ’ ಎಂಬುದು ‘ರಾಬರಿ’ಗೂ ‘ಡಕಾಯಿತಿ’ಗೂ ಒಂದೇ ಆಗಿದೆ. ನಾಲ್ವರೇ ಸೇರಿ ಮಾಡಿದ ಕೃತ್ಯ ಡಕಾಯಿತಿಯಾಗದು. ಐವರಾದರೆ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದು. ಕಾನೂನು ತಲೆ ಎಣಿಸುವಲ್ಲಿ ಭಾಷೆ ಎಣಿಸದೆ ಬಿಟ್ಟಿದೆ.

ಎಲ್ಲಕ್ಕಿಂತ ಗಂಭೀರವಾದುದು ‘ಸಂಶಯಾತೀತವಾಗಿ’ ಎಂಬ ಪದ. ಇಂಗ್ಲಿಷ್ ಸೂತ್ರದಲ್ಲಿ ಸಂಶಯಕ್ಕೆ ‘ರೀಸನಬಲ್’ ಎಂಬ ವಿಶೇಷಣವಿದೆ. ವಿವೇಕಿಯಾದವನಿಗೆ ಸಕಾರಣವಾಗಿ ಮೂಡುವ ಸಂಶಯ ಎಂದು ಅದರ ಭಾವ. ಕನ್ನಡದ ಸಮಾಸ ಆ ವಿಶೇಷಣವನ್ನು ನುಂಗಿದೆ. ಅಕ್ಷರಶಃ ತೆಗೆದುಕೊಂಡರೆ ಯಾವ ಸಂಶಯವೂ ಉಳಿಯದಂತೆ ರುಜುವಾತು ಮಾಡಬೇಕೆಂದಾಗುತ್ತದೆ. ಅದು ಮನುಷ್ಯಮಾತ್ರರಿಗೆ ಅಸಾಧ್ಯ. ಇದರ ಜೊತೆಗಾರ ‘ಸಂಶಯದ ಲಾಭ’. ಇಂಗ್ಲಿಷಿನ ‘ಬೆನಿಫಿಟ್’ ಎಂಬ ಪದವನ್ನು ಅಕ್ಷರಶಃ ಇಳಿಸಿದ್ದರಿಂದ, ಬಿಡುಗಡೆಯಾದವನು ಏನನ್ನೋ ಲಾಭ ಮಾಡಿಕೊಂಡು ಹೋದನೆಂಬ ವ್ಯಾಪಾರದ ಧ್ವನಿ ಹತ್ತಿಕೊಂಡಿದೆ. ನಿರಪರಾಧಿಯೆಂದು ಭಾವಿಸಲ್ಪಡುವುದು ಹಕ್ಕೆಂಬ ತತ್ತ್ವಕ್ಕೆ ಈ ಧ್ವನಿ ವಿರುದ್ಧವಾದುದು.

5. ಠಾಣೆಯ ಗದ್ಯ ಮತ್ತು ಪತ್ರಿಕೆಯ ಗದ್ಯ

ಪರಿಭಾಷೆ ಹುಟ್ಟುವುದು ಸಂಹಿತೆಯಲ್ಲಾದರೂ ಜನರನ್ನು ತಲುಪುವುದು ಠಾಣೆ ಮತ್ತು ಪತ್ರಿಕೆಗಳ ಮೂಲಕ. ಕನ್ನಡದಲ್ಲಿ ದಾಖಲಾಗುವ ಹೊಡೆದಾಟದ ಫಿರ್ಯಾದುಗಳಲ್ಲಿ ಒಂದು ವಾಕ್ಯ ಅಚ್ಚಿನಲ್ಲಿ ಹೊಯ್ದಂತೆ ಮರುಕಳಿಸುತ್ತದೆ: ಸದರಿ ಆರೋಪಿಗಳು ಸಮಾನ ಉದ್ದೇಶದಿಂದ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹಲ್ಲೆ ಮಾಡಿ, ಜೀವ ಬೆದರಿಕೆ ಹಾಕಿದರು. ಹಳೆಯ ಸಂಹಿತೆಯ 34, 504, 323, 506ನೆಯ ಕಲಮುಗಳು ಈ ಒಂದೇ ವಾಕ್ಯದಲ್ಲಿ ಸಾಲಾಗಿ ನಿಂತಿವೆ. ಇದು ಫಿರ್ಯಾದುದಾರನ ಮಾತೆಂದು ದಾಖಲಾದರೂ ಕಲಮುಗಳ ನೆರಳು. 504ನೆಯ ಕಲಮಿಗೆ ಬೇಕಾದುದು ಶಾಂತಿಭಂಗಕ್ಕೆ ಕೆರಳಿಸುವಂಥ ಉದ್ದೇಶಪೂರ್ವಕ ಅವಮಾನ. ಅಂಥ ಅವಮಾನವಾಯಿತೇ ಎಂದು ತೀರ್ಮಾನಿಸಲು ಬೈದ ಮಾತು ಯಾವುದೆಂದು ತಿಳಿಯಬೇಕು. ‘ಅವಾಚ್ಯ’ ಎಂಬ ಪದ ಆ ಮಾತನ್ನೇ ಮರೆಮಾಡಿ, ಸಭ್ಯತೆಯ ಹೆಸರಿನಲ್ಲಿ ಸಾಕ್ಷ್ಯವನ್ನು ಅಳಿಸುತ್ತದೆ. ಜಾತಿ ನಿಂದನೆಯ ಪ್ರಕರಣಗಳಲ್ಲಿ ಇದರ ಪರಿಣಾಮ ಇನ್ನೂ ತೀಕ್ಷ್ಣ. ಅಲ್ಲಿ ಆಡಿದ ಮಾತೇ ಅಪರಾಧ.

ಪತ್ರಿಕೆಗಳಲ್ಲಿ ‘ಆರೋಪಿ’ ಎಂಬ ಒಂದೇ ಪದ ಶಂಕಿತನಿಗೂ, ಬಂಧಿತನಿಗೂ, ದೋಷಾರೋಪ ಹೊರಿಸಲ್ಪಟ್ಟವನಿಗೂ ಅನ್ವಯವಾಗುತ್ತಿದೆ. ಇನ್ನೂ ವಿಚಾರಣೆಯೇ ಆರಂಭವಾಗದಿರುವಾಗ ‘ಕೊಲೆಗಾರ ಸೆರೆ’, ‘ಕಳ್ಳರ ಬಂಧನ’ ಎಂಬ ತಲೆಬರಹಗಳು ಸಾಮಾನ್ಯ. ತನಿಖೆಯ ಕೊನೆಯಲ್ಲಿ ಪೊಲೀಸರು ಸಲ್ಲಿಸುವ ಕಾಗದವನ್ನು ದಂಡ ಪ್ರಕ್ರಿಯಾ ಸಂಹಿತೆಯ 173ನೆಯ ಕಲಮು ‘ವರದಿ’ ಎಂದಷ್ಟೇ ಕರೆದಿತ್ತು. ಕನ್ನಡದಲ್ಲಿ ಅದು ‘ದೋಷಾರೋಪ ಪಟ್ಟಿ’. ನ್ಯಾಯಾಲಯ ಮುಂದೆ ಹೊರಿಸಬೇಕಾದ ದೋಷಾರೋಪಕ್ಕೂ ಪೊಲೀಸರ ಅಭಿಪ್ರಾಯಕ್ಕೂ ಇರುವ ಅಂತರ ಈ ಹೆಸರಿನಲ್ಲಿ ಉಳಿಯುವುದಿಲ್ಲ. ಹಾಗೆಯೇ, ವಿಚಾರಣೆಗೆ ಆಧಾರವಿಲ್ಲವೆಂದು ಮೊದಲೇ ಕೈಬಿಟ್ಟರೂ, ವಿಚಾರಣೆ ಮುಗಿದು ದೋಷಮುಕ್ತನೆಂದು ತೀರ್ಮಾನವಾದರೂ ‘ಖುಲಾಸೆ’ ಎಂಬುದೊಂದೇ ಪದ. ಜಾಮೀನಿನ ಮೇಲೆ ಹೊರಬಂದರೆ ‘ಬಿಡುಗಡೆ’. ಓದುಗನಿಗೆ ಎಲ್ಲವೂ ತಪ್ಪಿಸಿಕೊಂಡು ಬಂದಂತೆ ತೋರುತ್ತದೆ.

ಇಂಗ್ಲಿಷ್ ಈ ದೋಷದಿಂದ ಮುಕ್ತವೆಂದು ತಿಳಿಯಬೇಕಾಗಿಲ್ಲ. ‘ಕಲ್‌ಪ್ರಿಟ್’ ಎಂಬ ಪದದ ಕಥೆಯೇ ಇದಕ್ಕೆ ಸಾಕ್ಷಿ. ಆರೋಪಿ ತಾನು ತಪ್ಪಿತಸ್ಥನಲ್ಲವೆಂದಾಗ, ತಪ್ಪಿತಸ್ಥನೆಂದು ರುಜುವಾತುಪಡಿಸಲು ಸಿದ್ಧವೆಂದು ಅಭಿಯೋಜಕರು ಹೇಳುತ್ತಿದ್ದ ಫ್ರೆಂಚ್ ಮಾತನ್ನು ಗುಮಾಸ್ತರು ಎರಡು ತುಂಡುಪದಗಳಾಗಿ ಬರೆದುಕೊಳ್ಳುತ್ತಿದ್ದರು. ಅವು ಬೆಸೆದುಕೊಂಡು 17ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಪದವಾಯಿತೆಂದು ನಿಘಂಟುಕಾರರು ವಿವರಿಸುತ್ತಾರೆ. ಮೊದಲು ಅದು ವಿಚಾರಣೆಗೆ ನಿಂತವನನ್ನು ಸಂಬೋಧಿಸುವ ಪದ. ಕ್ರಮೇಣ ‘ತಪ್ಪು ಮಾಡಿದವನು’ ಎಂಬ ಅರ್ಥ ಪಡೆಯಿತು. ಆರೋಪವೇ ಅಪರಾಧವಾಗಿ ಜಾರುವುದು ಎಲ್ಲ ಭಾಷೆಗಳ ಇಳಿಜಾರು. ಕನ್ನಡದ ‘ಆರೋಪಿ’ ಈಗ ಅದೇ ಇಳಿಜಾರಿನಲ್ಲಿದೆ.

6. ಹಚ್ಚಿದ ಹೆಸರು ಹೋಗದಿರುವುದು

ಪದ ವ್ಯಕ್ತಿಗೆ ಅಂಟಿದರೆ ಒಂದು ಜೀವನ ಕೆಡುತ್ತದೆ. ಸಮುದಾಯಕ್ಕೆ ಅಂಟಿದರೆ ತಲೆಮಾರುಗಳು ಕೆಡುತ್ತವೆ. 1871ರ ಅಪರಾಧಿ ಬುಡಕಟ್ಟುಗಳ ಅಧಿನಿಯಮ ‘ಕ್ರಿಮಿನಲ್’ ಎಂಬ ವಿಶೇಷಣವನ್ನು ಕೃತ್ಯದಿಂದ ಬಿಡಿಸಿ ಹುಟ್ಟಿಗೆ ಜೋಡಿಸಿತು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಬೇಲಿಯೊಳಗೆ ಇರಿಸಿದ ನೆಲೆಯಿತ್ತು. ‘ಸೆಟ್ಲಮೆಂಟ್’ ಎಂಬ ಇಂಗ್ಲಿಷ್ ಪದ ಅಲ್ಲಿನ ಬಡಾವಣೆಯ ಹೆಸರಾಗಿ ಉಳಿದಿದೆ. ಅಧಿನಿಯಮ 1952ರಲ್ಲಿ ರದ್ದಾಯಿತು. ಅಧಿಸೂಚನೆಯಿಂದ ಕೈಬಿಡಲಾದವರು ಎಂಬ ಕಚೇರಿಯ ಒಣ ಮಾತಿಗೆ ಪ್ರತಿಯಾಗಿ ‘ವಿಮುಕ್ತ’ ಎಂಬ ಪದ ಬಳಕೆಗೆ ಬಂದುದು ಒಳ್ಳೆಯ ಅನುವಾದದ ಉದಾಹರಣೆ. ಇಲ್ಲಿ ಮೂಲಕ್ಕಿಂತ ಅನುವಾದಕ್ಕೆ ಹೆಚ್ಚು ಘನತೆಯಿದೆ. ಆದರೂ ಹಳೆಯ ದೃಷ್ಟಿ ಅಳಿಯಲಿಲ್ಲ. ಕಾರಾಗೃಹ ಕೈಪಿಡಿಗಳಲ್ಲಿನ ಜಾತಿ ಆಧಾರಿತ ನಿಯಮಗಳನ್ನೂ, ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳಂತೆ ಕಾಣುವುದನ್ನೂ ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಬೇಕಾಯಿತು.

ಸ್ತ್ರೀಯರ ಮೇಲಿನ ಅಪರಾಧಗಳ ಪರಿಭಾಷೆಯಲ್ಲಿ ಇನ್ನೊಂದು ಬಗೆಯ ಅನ್ಯಾಯವಿದೆ. ಹಳೆಯ ಸಂಹಿತೆಯ 354ನೆಯ ಕಲಮಿನ ‘ಮಾಡೆಸ್ಟಿ’ ಹೊಸ ಸಂಹಿತೆಯ 74ನೆಯ ಕಲಮಿನಲ್ಲಿಯೂ ಮುಂದುವರಿದಿದೆ. ಅದಕ್ಕೆ ಕನ್ನಡ ಕೊಟ್ಟ ‘ಮಾನಭಂಗ’ ಮೂಲಕ್ಕಿಂತ ಕ್ರೂರವಾದುದು. ಏಕೆಂದರೆ ಕೃತ್ಯ ಎಸಗಿದವನ ಮಾನವಲ್ಲ, ಅದಕ್ಕೆ ಗುರಿಯಾದವಳ ಮಾನ ಮುರಿಯಿತೆಂದು ಅದು ಸಾರುತ್ತದೆ. ‘ಶೀಲಹರಣ’ದ ಗತಿಯೂ ಇದೇ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಪೀಡಿಸುವುದನ್ನು ಭಾರತದ ಇಂಗ್ಲಿಷ್ ‘ಈವ್ ಟೀಸಿಂಗ್’ ಎಂದಿತು. ಕನ್ನಡ ‘ಚುಡಾಯಿಸುವುದು’ ಎಂದು ಅದನ್ನು ಹುಡುಗಾಟಿಕೆಯ ಮಟ್ಟಕ್ಕೆ ಇಳಿಸಿತು. 2023ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕಟಿಸಿದ ಕೈಪಿಡಿಯೊಂದು ಇಂಥ ಇಂಗ್ಲಿಷ್ ಪದಗಳನ್ನು ಪಟ್ಟಿಮಾಡಿ ಬದಲಿ ಪದಗಳನ್ನು ಸೂಚಿಸಿತು. ಅದೇ ಪರೀಕ್ಷೆಗೆ ಕನ್ನಡದ ಪದಗಳೂ ಒಳಗಾಗಬೇಕು; ಇಂಗ್ಲಿಷಿನ ಪಟ್ಟಿಯನ್ನು ಅನುವಾದಿಸಿದರೆ ಸಾಲದು.

7. ಹೊಸ ಸಂಹಿತೆ, ಹಳೆಯ ಹೊಣೆ

1860ರ 511 ಕಲಮುಗಳ ಸಂಹಿತೆಯ ಸ್ಥಾನಕ್ಕೆ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಾಗ ಶೀರ್ಷಿಕೆಯಲ್ಲಿ ‘ದಂಡ’ ಹೋಗಿ ‘ನ್ಯಾಯ’ ಬಂದಿತು. ಹೆಸರು ಭಾರತೀಯ ಭಾಷೆಯದು. ಒಳಗಿನ ಅಧಿಕೃತ ಇಂಗ್ಲಿಷ್ ಪಠ್ಯದಲ್ಲಿ ಮೆಕಾಲೆಯ ಕಾಲದ ವ್ಯಾಖ್ಯೆಗಳು ಬಹುಪಾಲು ಹಾಗೆಯೇ ಉಳಿದಿವೆ. ಕಲಮುಗಳ ಸಂಖ್ಯೆ ಮಾತ್ರ ಸ್ಥಾನ ಬದಲಿಸಿದೆ. ಸಂಖ್ಯೆಗಳೂ ಪರಿಭಾಷೆಯೇ ಎಂಬುದಕ್ಕೆ 420 ಸಾಕ್ಷಿ. ವಂಚನೆಯ ಆ ಕಲಮು ಈಗ 318ನೆಯ ಕಲಮಿನ ಉಪವಿಧಿಯಾಗಿದ್ದರೂ ಜನರ ಬಾಯಲ್ಲಿ ಮೋಸಗಾರ ‘ಫೋರ್ ಟ್ವೆಂಟಿ’ಯಾಗಿಯೇ ಇದ್ದಾನೆ. ಶಾಸನ ರದ್ದಾದರೂ ಜನ ರೂಢಿಸಿಕೊಂಡ ಪದ ರದ್ದಾಗುವುದಿಲ್ಲ. ಠಾಣೆಯಿಂದ ನ್ಯಾಯಾಲಯದವರೆಗೆ ಎಲ್ಲ ನಮೂನೆಗಳನ್ನೂ ಹೊಸದಾಗಿ ಬರೆಯಬೇಕಾಗಿರುವ ಈ ಸಂಧಿಕಾಲ ಕನ್ನಡ ಪರಿಭಾಷೆಯನ್ನು ತಿದ್ದಿಕೊಳ್ಳಲು ಸಕಾಲ.

ಈ ತಿದ್ದುಪಡಿಗೆ ಕಾನೂನಿನ ಬೆಂಬಲವೂ ಇದೆ. ದೋಷಾರೋಪವನ್ನು ಆರೋಪಿಗೆ ಓದಿ ಹೇಳಿದರೆ ಸಾಲದು, ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಎರಡು ಕ್ರಿಯಾಪದಗಳನ್ನು ಜೊತೆಯಾಗಿ ಬಳಸಿತು. ಇಂಗ್ಲಿಷ್ ತಿಳಿಯದ ಬಂಧಿತನಿಗೆ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಬಾಯಿಮಾತಿನಲ್ಲಿ ತಿಳಿಸಿದರೆ ಸಂವಿಧಾನದ ಅಗತ್ಯ ಪೂರೈಸದೆಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಹರಿಕಿಸನ್ ಪ್ರಕರಣದಲ್ಲಿ ಹೇಳಿತು. ಈ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ, ‘ದುಷ್ಪ್ರೇರಣೆ’ ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದು ಓದಿದ ಮಾತ್ರಕ್ಕೆ ಅದು ಕೂಲಿಕಾರನೊಬ್ಬನಿಗೆ ತಿಳಿಯುವ ಭಾಷೆಯಾಗುವುದೇ ಎಂದು ಕೇಳಬೇಕಾಗುತ್ತದೆ.

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಕನ್ನಡಕ್ಕೆ ಪದಗಳ ಬಡತನವಿಲ್ಲ. ಒಂದು ಪದಕ್ಕೆ ಒಂದೇ ಅರ್ಥವೆಂಬ ಶಿಸ್ತಿನ ಕೊರತೆಯಿದೆ. ಎರಡನೆಯದಾಗಿ, ಜಾಮೀನು, ವಾರಂಟು, ಸಮನ್ಸು ಇಂಥ ನೆಲೆಗೊಂಡ ಪದಗಳನ್ನು ಕಿತ್ತು ಸಂಸ್ಕೃತದ ಹೊಸ ಪದ ನೆಡುವುದರಿಂದ ಪ್ರಯೋಜನವಿಲ್ಲ. ಮೂರನೆಯದಾಗಿ, ಒಂದು ಪದದಲ್ಲಿ ಹಿಡಿಯಲಾಗದ ಕಲ್ಪನೆಯನ್ನು ಸಂಹಿತೆ ಮಾಡಿದಂತೆ ಒಂದು ಸರಳ ವಾಕ್ಯದಲ್ಲಿ ಬಿಡಿಸಿ ಹೇಳುವುದು ಲೇಸು. ‘ಪ್ರಚೋದಿಸುವುದು, ಸಂಚಿನಲ್ಲಿ ಸೇರುವುದು ಅಥವಾ ನೆರವಾಗುವುದು’ ಎಂದು ದೋಷಾರೋಪದಲ್ಲಿ ಬರೆಯಲು ಅರ್ಧ ಸಾಲು ಹೆಚ್ಚು ಬೇಕಾದೀತು, ಅಷ್ಟೆ. ನಾಲ್ಕನೆಯದಾಗಿ, ಪಾರಿಭಾಷಿಕ ಕೋಶಗಳನ್ನು ಸಿದ್ಧಪಡಿಸುವ ಸಮಿತಿಗಳಲ್ಲಿ ನ್ಯಾಯವಾದಿಗಳು ಮತ್ತು ಭಾಷಾತಜ್ಞರ ಜೊತೆಗೆ ಠಾಣೆಯ ಬರಹಗಾರರು, ತಾಲ್ಲೂಕು ನ್ಯಾಯಾಲಯದ ಶಿರಸ್ತೇದಾರರು, ವರದಿಗಾರರು ಇರಬೇಕು; ಪದ ಕೆಡುವುದೂ ಉಳಿಯುವುದೂ ಅವರ ಕೈಯಲ್ಲಿ.

ಇಂಗ್ಲಿಷಿನ ಪರಿಭಾಷೆ ಜಡವಾಗಿ ನಿಂತಿಲ್ಲ. ಸಿವಿಲ್ ವ್ಯಾಜ್ಯಗಳಲ್ಲಿ ವಾದಿಗೆ ಶತಮಾನಗಳಿಂದ ಇದ್ದ ‘ಪ್ಲೇಂಟಿಫ್’ ಎಂಬ ಹೆಸರನ್ನು ಇಂಗ್ಲೆಂಡ್ 1999ರಲ್ಲಿ ಬಿಟ್ಟು, ಸುಲಭವಾಗಿ ತಿಳಿಯುವ ‘ಕ್ಲೇಮಂಟ್’ ಎಂಬುದನ್ನು ತಂದಿತು. ತಾನು ಕೊಟ್ಟ ಪದಗಳನ್ನು ತಾನೇ ಕೈಬಿಡುತ್ತಿರುವ ಭಾಷೆಯ ಹಳೆಯ ರೂಪವನ್ನು ಕನ್ನಡ ಕಾಯ್ದುಕೊಂಡು ಕೂರುವುದು ಅನಗತ್ಯ. ಕಟಕಟೆಯಲ್ಲಿ ನಿಂತವನಿಗೆ ತನ್ನ ಮೇಲಿನ ಮಾತು ಏನೆಂದು ತಿಳಿಯಬೇಕು; ಅದು ತಿಳಿದಾಗಲೇ ‘ತಪ್ಪೊಪ್ಪಿಕೊಳ್ಳುವೆಯಾ?’ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಅವನದಾಗುತ್ತದೆ.